ಪಟ್ಟೆ ಎಲೆಯ ಕಾಬಾಳೆ: ಗ್ರಾಮದ ಹಿತ್ತಲಿನಲ್ಲಿ ಅದಕ್ಕಿರತಕ್ಕ ಸ್ಥಾನ

ಬೇಸಾಯಗಾರನ ಕಣ್ಣಿಗೆ ಪಟ್ಟೆ ಬಿದ್ದ ಎಲೆಯು ಶುಭಸೂಚನೆಯಲ್ಲ. ಮಲೆನಾಡಿನ ಏಲಕ್ಕಿ ತೋಟದ ಯಜಮಾನರು ಎಳೆಯ ಎಲೆಯಲ್ಲಿ ನಡುನರದಿಂದ ಅಂಚಿನವರೆಗೆ ತೆಳುಹಸಿರಿನ ಗೆರೆಗಳನ್ನು ಕಂಡೊಡನೆ ಕಟ್ಟೆ ರೋಗವೆಂದು ಗುರುತಿಸಿ ಆ ಬುಡವನ್ನೇ ಕೀಳಿಸುತ್ತಾರೆ. ಬಯಲುಸೀಮೆಯಲ್ಲಿ ಬೆಂಡೆಯ ಎಲೆಯ ನರಗಳು ಹಳದಿಯಾದುವೆಂದರೆ ಆ ಗಿಡದ ಫಸಲಿನ ಆಸೆಯನ್ನು ಬಿಡಬೇಕೆಂಬುದು ಹೆಂಗಸರಿಗೂ ಮಕ್ಕಳಿಗೂ ತಿಳಿದ ವಿಷಯ. ಹೀಗಿರುವಲ್ಲಿ, ಪಟ್ಟಣದಿಂದ ಬಂದ ನೆಂಟರೊಬ್ಬರು ಹಸಿರು ಎಲೆಯ ಮೇಲೆ ಹಳದಿ ಗೆರೆಗಳನ್ನು ಎಳೆದಂತಿರುವ ಒಂದು ಗಿಡವನ್ನು ತಂದು, ಇದು ಅಲಂಕಾರಕ್ಕೆ ಬಹು ಚೆನ್ನಾಗಿರುತ್ತದೆ, ಅಂಗಳದಲ್ಲಿ ನೆಡಿರಿ ಎಂದು ಹೇಳಿದರೆ, ಮನೆಯ ಹಿರಿಯರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದೇನೋ ರೋಗದ ಗಿಡ’ ಎಂದು ಬದಿಗಿಡುವುದು ಸಹಜವೇ ಆಗಿದೆ.

ಈ ಹಿರಿಯರನ್ನು ನಗುವವರ ಗುಂಪಿಗೆ ನಾನು ಸೇರಿದವನಲ್ಲ. ಅವರ ಅನುಮಾನವು ಅನುಭವದಿಂದ ಬಂದದ್ದು. ಆದರೆ ಪಟ್ಟೆಯಿರುವ ಎಲೆಗಳೆಲ್ಲವೂ ರೋಗದ ಎಲೆಗಳಲ್ಲ. ಹಾಗೆಯೇ, ಅಲಂಕಾರದ ಹೆಸರಿನಲ್ಲಿ ಮಾರಾಟವಾಗುವ ಪಟ್ಟೆ ಎಲೆಗಳೆಲ್ಲವೂ ಆರೋಗ್ಯದ ಎಲೆಗಳೂ ಅಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳತಕ್ಕವರಿಗೆ, ಪಟ್ಟೆ ಎಲೆಯ ಕಾಬಾಳೆಯಷ್ಟು ಒಪ್ಪುವ, ಅಷ್ಟು ಸುಲಭವಾಗಿ ಬೆಳೆಯುವ, ಗ್ರಾಮದ ಮನೆಗೆ ಅಷ್ಟು ಉಪಯೋಗಕ್ಕೆ ಬರುವ ಬಹುವಾರ್ಷಿಕ ಹೂಗಿಡವು ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ಗ್ರಾಮಮುಖಂಡರೂ ಜಮೀನುದಾರರೂ ಆದ ವಾಚಕರ ಮುಂದೆ ಕಾರಣಸಹಿತವಾಗಿ ಇಡುವುದೇ ಈ ಲೇಖನದ ಉದ್ದೇಶವಾಗಿದೆ.

ಹೊಟ್ಟೆಗೆ ಬೇಕಾದ ಬೆಳೆಗಳ ವಿಚಾರವೇ ಮುಗಿಯದಿರುವಾಗ ಹೂವಿನ ಮಾತೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಗೆ ದೀರ್ಘವಾದ ಉತ್ತರ ಬೇಕಿಲ್ಲ. ನಾನು ಹೇಳುತ್ತಿರುವ ಗಿಡಕ್ಕೆ ಒಂದು ಗುಂಟೆಯಷ್ಟು ಸಾಗುವಳಿ ಭೂಮಿಯೂ ಬೇಡ, ಒಂದು ಕೊಡ ಒಳ್ಳೆಯ ನೀರೂ ಬೇಡ. ಪ್ರತಿ ಮನೆಯ ಹಿಂದೆಯೂ, ಯಾರೂ ಏನನ್ನೂ ಬೆಳೆಯದ, ಬೆಳೆಯಲೊಪ್ಪದ ಒಂದು ಜಾಗವುಂಟು. ಅದು ಬಚ್ಚಲ ನೀರು ಹೋಗಿ ನಿಲ್ಲುವ ಕೆಸರು ಗುಂಡಿ. ಕಾಬಾಳೆಗೆ ಬೇಕಾದ್ದು ಆ ಜಾಗವೇ.

ಕಾಬಾಳೆಯನ್ನು ಪಟ್ಟಣದವರು ಕ್ಯಾನಾ ಎಂದು ಕರೆಯುತ್ತಾರೆ. ಇದರ ಮೂಲಸ್ಥಾನವು ಅಮೆರಿಕಾ ಖಂಡದ ಉಷ್ಣಪ್ರದೇಶಗಳು. ನಮ್ಮ ದೇಶಕ್ಕೆ ಬಂದು ಬಹುಕಾಲವಾದುದರಿಂದ ಇದು ಹೊರಗಿನದೆಂಬುದನ್ನು ನಾವು ಮರೆತಿದ್ದೇವೆ. ಬಾಳೆ, ಶುಂಠಿ, ಅರಿಸಿನ, ಏಲಕ್ಕಿ ಇವುಗಳಿಗೆ ಇದು ದೂರದ ದಾಯಾದಿ. ಎಲೆಯ ಆಕಾರವನ್ನೂ, ನೆಲದೊಳಗೆ ಹಬ್ಬುವ ಗೆಡ್ಡೆಯನ್ನೂ ನೋಡಿದರೆ ನೆಂಟಸ್ತಿಕೆಯು ತಾನಾಗಿ ತಿಳಿಯುತ್ತದೆ. ಬಾಳೆಯ ಬೇಸಾಯವನ್ನು ಬಲ್ಲವರಿಗೆ ಕಾಬಾಳೆಯ ವಿಷಯದಲ್ಲಿ ಹೊಸದಾಗಿ ಕಲಿಯಬೇಕಾದ್ದು ಸ್ವಲ್ಪವೇ. ಬಾಳೆಯು ಒಂದು ಸಾರಿ ಗೊನೆ ಹಾಕಿ ಮುಗಿದು, ಪಕ್ಕದ ಕಂದು ಮೇಲೆದ್ದು ಬರುವಂತೆ, ಕಾಬಾಳೆಯ ಒಂದೊಂದು ದಂಟೂ ಹೂವು ಮುಗಿಸಿದ ಮೇಲೆ ಒಣಗಿ, ಬುಡದಿಂದ ಹೊಸ ದಂಟುಗಳು ಏಳುತ್ತವೆ. ಆದುದರಿಂದ ಗುಂಪು ಮಾತ್ರ ವರ್ಷದಿಂದ ವರ್ಷಕ್ಕೆ ಉಳಿದು ದೊಡ್ಡದಾಗುತ್ತ ಹೋಗುತ್ತದೆ. ಪ್ರಸಂಗವಶಾತ್ ಒಂದು ಸಂಗತಿಯನ್ನು ಹೇಳಬಹುದು: ಕಾಬಾಳೆಯಲ್ಲಿ ನಾವು ಹೂವಿನ ದಳಗಳೆಂದು ಮೆಚ್ಚುವ ಅಗಲವಾದ ಬಣ್ಣದ ಭಾಗಗಳು ನಿಜವಾಗಿ ದಳಗಳೇ ಅಲ್ಲ, ಅವು ರೂಪಾಂತರ ಹೊಂದಿದ ಕೇಸರಗಳು. ನಿಜವಾದ ದಳಗಳು ಸಣ್ಣವಾಗಿ, ಕಿರಿದಾಗಿ, ಕೆಳಗೆ ಅಡಗಿರುತ್ತವೆ.

ಕಾಡು ಜಾತಿಯ ಕಾಬಾಳೆಯು ಕರಿಯ, ಗುಂಡಾದ, ಕಲ್ಲಿನಂತೆ ಗಟ್ಟಿಯಾದ ಬೀಜಗಳನ್ನು ಬಿಡುತ್ತದೆ. ಇವುಗಳನ್ನು ಪೋಣಿಸಿ ಜಪಮಣಿ ಮಾಡುವುದುಂಟು. ಪಟ್ಟೆ ಎಲೆಯ ಜಾತಿಗಳು ಬೀಜ ಕಟ್ಟುವುದು ಅಪರೂಪ. ಕಟ್ಟಿದರೂ ಆ ಬೀಜದ ಸಸಿಯು ತಾಯಿಯ ಪಟ್ಟೆಯನ್ನು ಹೊತ್ತು ಬರುತ್ತದೆಂದು ನಂಬುವಂತಿಲ್ಲ. ಗೆಡ್ಡೆಯನ್ನು ಭಾಗ ಮಾಡಿ ನೆಡುವುದೊಂದೇ ದಾರಿ. ಈ ಸಂಗತಿಯನ್ನು ವಾಚಕರು ಮರೆಯಬಾರದು. ಮುಂದೆ ಹೇಳುವ ಅಪಾಯವೆಲ್ಲವೂ ಇದರಿಂದಲೇ ಹುಟ್ಟತಕ್ಕದ್ದು.

ಎಲೆಯಲ್ಲಿ ಪಟ್ಟೆಯೇಕೆ ಬರುತ್ತದೆ? ಎಲೆಯ ಹಸಿರು ಬಣ್ಣವು ಪತ್ರಹರಿತ್ತೆಂಬ ವಸ್ತುವಿನಿಂದ ಬಂದದ್ದು. ಗಿಡವು ಬಿಸಿಲಿನ ಸಹಾಯದಿಂದ ತನ್ನ ಆಹಾರವನ್ನು ತಯಾರಿಸಿಕೊಳ್ಳುವುದು ಅದರ ಮೂಲಕವೇ. ಹುಟ್ಟಿನಿಂದಲೇ ಎಲೆಯ ಕೆಲವು ಭಾಗಗಳಲ್ಲಿ ಈ ವಸ್ತುವು ಕಡಿಮೆಯಾಗಿದ್ದರೆ, ಆ ಭಾಗಗಳು ಹಳದಿಯಾಗಿಯೋ ಕೆನೆಬಣ್ಣವಾಗಿಯೋ ಬಿಳಿಯಾಗಿಯೋ ಕಾಣುತ್ತವೆ. ಅಂದಮೇಲೆ ಪಟ್ಟೆ ಎಲೆಯ ಗಿಡವು ಹಸಿರು ಗಿಡಕ್ಕಿಂತ ಸ್ವಲ್ಪ ಬಡ ಗಿಡವೆಂದು ತಿಳಿಯಬೇಕು. ಬಿಳುಪು ಹೆಚ್ಚಾದಷ್ಟೂ ಬಡತನವೂ ಹೆಚ್ಚು.

ಜಾತಿಯನ್ನು ಆರಿಸುವುದರಲ್ಲಿ ಈ ಮಾತು ಬಹಳ ಮುಖ್ಯ. ಸಸ್ಯಾಗಾರಗಳಲ್ಲಿ ಪಟ್ಟೆ ಎಲೆಯ ಕಾಬಾಳೆಗಳು ಮುಖ್ಯವಾಗಿ ಮೂರು ವಿಧವಾಗಿ ದೊರೆಯುತ್ತವೆ. ಮೊದಲನೆಯದು ಹಸಿರು ಎಲೆಯಲ್ಲಿ ಪಕ್ಕದ ನರಗಳನ್ನು ಅನುಸರಿಸಿ ಹಳದಿ ಗೆರೆಗಳಿರುವ, ಕಿತ್ತಳೆ ಬಣ್ಣದ ಹೂವಿನ ಜಾತಿ. ಇದನ್ನು ‘ಸ್ಟ್ರಯೇಟಾ’ ಎಂದೂ, ‘ಪ್ರಿಟೋರಿಯಾ’ ಎಂದೂ, ‘ಬೆಂಗಾಲ್ ಟೈಗರ್’ ಎಂದೂ ಮೂರು ಹೆಸರುಗಳಿಂದ ಮಾರುತ್ತಾರೆ. ವಸ್ತು ಒಂದೇ, ಮೂರು ಹೆಸರಿಗೆ ಮೂರು ಬೆಲೆ ಕೊಡುವ ಅವಶ್ಯವಿಲ್ಲ. ಎರಡನೆಯದು ಕೆಂಪು, ಕಿತ್ತಳೆ, ಕಂದು ಬಣ್ಣಗಳ ಗೆರೆಗಳು ಬೆರೆತಿರುವ ‘ಟ್ರಾಪಿಕಾನಾ’ ಎಂಬ ಜಾತಿ. ಸಂಜೆಯ ಬಿಸಿಲು ಎಲೆಯ ಹಿಂದಿನಿಂದ ಬಿದ್ದಾಗ ಇದರ ಸೊಬಗು ಹೇಳತೀರದು. ಮೂರನೆಯದು ಬಿಳಿಯ ಮಚ್ಚೆಗಳುಳ್ಳ ‘ಸ್ಟುಟ್ಗಾರ್ಟ್’. ಈ ಮೂರನೆಯದನ್ನು ಗ್ರಾಮದ ಮನೆಯವರು ಕೊಳ್ಳಬಾರದು. ಅದರ ಬಿಳಿ ಭಾಗಗಳು ಬಿಸಿಲಿಗೆ ಸುಟ್ಟು ಕಂದಾಗುತ್ತವೆ. ನಮ್ಮ ಚೈತ್ರ ವೈಶಾಖಗಳ ಬಿಸಿಲನ್ನು ಅದು ತಾಳದು. ಮೊದಲನೆಯದಾದ ಹಳದಿ ಪಟ್ಟೆಯ ಜಾತಿಯು ಮಾತ್ರ ಬಿಸಿಲನ್ನು ತಾಳುವುದಷ್ಟೇ ಅಲ್ಲ, ಬಿಸಿಲಿನಲ್ಲಿಯೇ ಹೆಚ್ಚು ಬಣ್ಣಗೂಡುತ್ತದೆ. ನಾಲ್ಕರಿಂದ ಆರು ಅಡಿಗಳವರೆಗೆ ಬೆಳೆಯುತ್ತದೆ. ಹೂವಿಲ್ಲದ ದಿನಗಳಲ್ಲಿಯೂ ಎಲೆಯೇ ಹೂವಿನ ಕೆಲಸ ಮಾಡುತ್ತದೆಂಬುದು ಇದರ ಹೆಚ್ಚಳ. ನನ್ನ ಶಿಫಾರಸು ಇದಕ್ಕೇ.

ಈಗ ಬಚ್ಚಲಿನ ವಿಷಯಕ್ಕೆ ಬರುತ್ತೇನೆ. ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಗ್ರಾಮಗಳಲ್ಲಿ ಸರ್ಕಾರದ ಸಹಾಯದಿಂದ ಬಚ್ಚಲುಗುಂಡಿಗಳು ನಿರ್ಮಾಣವಾಗಿವೆ. ಇದು ಒಳ್ಳೆಯ ಕೆಲಸ. ಆದರೆ ಗುಂಡಿ ತೋಡಿಸಿ, ಜಲ್ಲಿ ತುಂಬಿಸಿ, ಭಾವಚಿತ್ರ ತೆಗೆಸಿದ ಮೇಲೆ ಎರಡನೆಯ ಮಳೆಗಾಲದ ಹೊತ್ತಿಗೆ ಎಷ್ಟು ಗುಂಡಿಗಳು ಕೆಲಸ ಮಾಡುತ್ತಿವೆಯೆಂಬುದನ್ನು ಪ್ರತಿಯೊಬ್ಬ ಮುಖಂಡರೂ ತಮ್ಮ ಊರಿನಲ್ಲಿ ಒಂದು ಸುತ್ತು ತಿರುಗಿ ನೋಡುವುದು ಒಳ್ಳೆಯದು. ಜಿಗುಟು ಮಣ್ಣಿನ ನೆಲದಲ್ಲಿ ನೀರು ಬೇಗ ಇಂಗುವುದಿಲ್ಲ. ತುಂಬಿದ ಗುಂಡಿಯ ಅಂಚಿನಲ್ಲಿ ನೀರು ಉಕ್ಕಿ ನಿಲ್ಲುತ್ತದೆ. ನಿಂತ ನೀರಿಗೆ ಸೊಳ್ಳೆ ಬರುತ್ತದೆ. ಅಂತಹ ಕಡೆ ಗುಂಡಿಯ ಹೊರಹರಿವಿನ ದಾರಿಯಲ್ಲಿ ಒಂದು ಉದ್ದನೆಯ ಪಾತಿಯನ್ನು ಮಾಡಿ ಕಾಬಾಳೆಯನ್ನು ಒತ್ತಾಗಿ ನೆಟ್ಟರೆ, ಅದರ ಬೇರುಗಳು ಸದಾ ತೇವದಲ್ಲಿಯೂ ಕೊಳೆಯದೆ ಬೆಳೆದು, ಅಗಲವಾದ ಎಲೆಗಳ ಮೂಲಕ ನೀರನ್ನು ಆವಿಯಾಗಿ ಹೊರಹಾಕುತ್ತವೆ. ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಗಿಡವು ಗೊಬ್ಬರವಾಗಿ ಎಳೆದುಕೊಳ್ಳುತ್ತದೆ.

ಇದು ಕೇವಲ ನನ್ನ ಹಿತ್ತಲಿನ ಮಾತಲ್ಲ. ಜಲ್ಲಿ ಮರಳುಗಳ ಪಾತಿಯಲ್ಲಿ ಗಿಡಗಳನ್ನು ಬೆಳೆಸಿ ಮಲಿನ ಜಲವನ್ನು ಹಾಯಿಸಿ ತಿಳಿಗೊಳಿಸುವ ಕ್ರಮವು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಉಷ್ಣದೇಶಗಳಲ್ಲಿ ಅದಕ್ಕಾಗಿ ಆರಿಸಲ್ಪಟ್ಟ ಗಿಡಗಳಲ್ಲಿ ಕಾಬಾಳೆಯೂ ಒಂದು. ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು ಗ್ರಾಮಗಳ ಚರಂಡಿ ನೀರನ್ನು ಜಂಬು ಹುಲ್ಲು, ಕಾಬಾಳೆ ಮುಂತಾದುವುಗಳ ಪಾತಿಯ ಮೂಲಕ ಹಾಯಿಸಿ ಬೇಸಾಯಕ್ಕೆ ಉಪಯೋಗಿಸುವ ಕ್ರಮವನ್ನು ನಡೆಸಿ ತೋರಿಸಿದ್ದಾರೆ. ಹೀಗೆಂದು ಆ ನೀರನ್ನು ಕುಡಿಯಬಹುದೆಂದಾಗಲಿ, ಪಾಯಿಖಾನೆಯ ನೀರನ್ನು ಹಾಗೆಯೇ ಪಾತಿಗೆ ಬಿಡಬಹುದೆಂದಾಗಲಿ ಯಾರೂ ಅರ್ಥ ಮಾಡಿಕೊಳ್ಳಕೂಡದು. ಕಾಬಾಳೆಯ ವಾಸನೆಗೆ ಸೊಳ್ಳೆ ಓಡಿಹೋಗುತ್ತದೆಂದು ಹೇಳುವವರನ್ನೂ ನಾನು ಕೇಳಿದ್ದೇನೆ. ಅದು ನಂಬತಕ್ಕ ಮಾತಲ್ಲ. ನಿಂತ ನೀರು ಬತ್ತಿದರೆ ಸೊಳ್ಳೆ ಕಡಿಮೆಯಾಗುತ್ತದೆ, ಅಷ್ಟೇ.

ನಾಟಿಯ ಕ್ರಮ ಕಷ್ಟದ್ದಲ್ಲ. ಮುಂಗಾರಿನ ಮೊದಲ ಹದ ಮಳೆಯಾದ ಮೇಲೆ, ಪಾತಿಯನ್ನು ಒಂದು ಅಡಿ ಆಳ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಎರಡು ಮೂರು ಕಣ್ಣುಗಳಿರುವ ಗೆಡ್ಡೆಯ ತುಂಡುಗಳನ್ನು ಕಣ್ಣು ಮೇಲಾಗುವಂತೆ ಎರಡು ಮೂರು ಅಂಗುಲ ಆಳದಲ್ಲಿ, ಒಂದೂವರೆ ಎರಡು ಅಡಿಗೊಂದರಂತೆ ಇಡಬೇಕು. ನೆರಳು ಬೇಡ, ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೀಳದ ಕಡೆ ಎಲೆ ಬೆಳೆದೀತೇ ಹೊರತು ಹೂವು ಬಾರದು. ಹೂವು ಮುಗಿದ ದಂಟನ್ನು ಬುಡಕ್ಕೆ ಕತ್ತರಿಸಿ ತೆಗೆಯುವುದರಲ್ಲಿ ಸೋಮಾರಿತನ ಮಾಡಬಾರದು. ಬಾಳೆಯ ಗೊನೆ ಕಡಿದ ಮೇಲೆ ದಿಂಡನ್ನು ನಿಲ್ಲಿಸಿಕೊಂಡಿರುತ್ತೇವೆಯೇ? ಪಟ್ಟೆ ಎಲೆಯ ಗಿಡಗಳಲ್ಲಿ ಒಮ್ಮೊಮ್ಮೆ ಪಟ್ಟೆಯೇ ಇಲ್ಲದ ಪೂರಾ ಹಸಿರು ಕಂದು ಹುಟ್ಟುವುದುಂಟು. ಅದು ಹೆಚ್ಚು ಬಲವುಳ್ಳದ್ದಾದುದರಿಂದ ಉಳಿದವನ್ನು ಮೀರಿ ಬೆಳೆಯುತ್ತದೆ. ಕಂಡ ಕೂಡಲೇ ಗೆಡ್ಡೆ ಸಮೇತ ತೆಗೆಯಬೇಕು. ಎರಡು ವರ್ಷಕ್ಕೊಮ್ಮೆ ಗುಂಪನ್ನು ಕಿತ್ತು ಭಾಗ ಮಾಡಿ ಪುನಃ ನೆಟ್ಟರೆ ಹೂವು ದೊಡ್ಡದಾಗಿ ಬರುತ್ತದೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತಹ ಗುಳ್ಳೆಗಳು ಕಂಡರೆ ಅದು ತುಕ್ಕು ರೋಗ. ಆ ಎಲೆಗಳನ್ನು ಕಿತ್ತು ಸುಡಬೇಕು. ದೊಡ್ಡ ಆಫ್ರಿಕಾ ಬಸವನಹುಳುವಿನ ಕಾಟವಿರುವ ಊರುಗಳಲ್ಲಿ ರಾತ್ರಿ ದೀಪ ಹಿಡಿದು ಹುಳುಗಳನ್ನು ಆರಿಸಿ ಉಪ್ಪುನೀರಿಗೆ ಹಾಕುವುದೇ ಉಪಾಯ. ಅಡುಗೆಮನೆಯ ಎಣ್ಣೆ ಜಿಡ್ಡು ಪಾತಿಗೆ ಬರದಂತೆ ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ತಡೆದರೆ ಮಣ್ಣು ಬೇಗ ಕಟ್ಟಿಕೊಳ್ಳುವುದಿಲ್ಲ.

ಇಷ್ಟನ್ನು ಯಾವ ತೋಟಗಾರಿಕೆಯ ಪುಸ್ತಕವಾದರೂ ಹೇಳೀತು. ನಾನು ಲೇಖನಿ ಹಿಡಿಯಲು ಮುಖ್ಯ ಕಾರಣ ಬೇರೆಯಾಗಿದೆ.

ಕೆಲವು ವರ್ಷಗಳ ಹಿಂದೆ, ಒಂದು ಸಸ್ಯಾಗಾರದಿಂದ ಪಟ್ಟೆ ಎಲೆಯ ಕಾಬಾಳೆಯೆಂದು ಹನ್ನೆರಡು ಗೆಡ್ಡೆಗಳನ್ನು ಕೊಂಡು ತಂದೆನು. ಗಿಡವನ್ನು ನೋಡಿ ತಂದದ್ದಲ್ಲ. ಹೂವಿನ ಚಿತ್ರವನ್ನು ನೋಡಿ ಗೆಡ್ಡೆಯನ್ನು ತಂದದ್ದು. ಮೊದಲ ಎಲೆಗಳಲ್ಲಿ ಹಳದಿ ಗೆರೆಗಳು ಕಂಡುವು, ಸಂತೋಷಪಟ್ಟೆನು. ಗೆರೆಗಳು ಅಲ್ಲಲ್ಲಿ ಕಡಿದಂತಿದ್ದರೂ, ಹೊಸ ಜಾತಿಯಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನು. ದಸರೆಯ ಹೊತ್ತಿಗೆ ಗುಂಪು ಬೆಳೆದಿತ್ತು. ಮನೆಗೆ ಬಂದವರು ಕೇಳಿದರು. ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ. ನಾಲ್ಕು ಮನೆಗಳಿಗೆ ಗೆಡ್ಡೆ ಹೋಯಿತು. ಅವುಗಳಲ್ಲಿ ಒಂದು ನನ್ನ ಅಕ್ಕನವರ ಮನೆ. ಮುಂದಿನ ವರ್ಷ ನನ್ನ ಗಿಡಗಳ ಎಲೆಗಳು ಮುದುಡಿ, ಹಳದಿ ಗೆರೆಗಳು ಕಂದಾಗಿ ಒಣಗಿ, ಎರಡು ಅಡಿಗಿಂತ ಮೇಲೇಳಲಾರದೆ ನಿಂತುವು. ಬಂದ ಒಂದೆರಡು ಹೂವುಗಳು ಬಣ್ಣ ಕದಡಿ ಚೂರುಚೂರಾಗಿದ್ದುವು. ಅದು ಪಟ್ಟೆಯ ಜಾತಿಯೇ ಆಗಿರಲಿಲ್ಲ. ಹಸಿರು ಎಲೆಯ ಸಾಧಾರಣ ಕಾಬಾಳೆಗೆ ನಂಜುರೋಗ ತಗುಲಿತ್ತು. ಆ ರೋಗದ ಗುರುತನ್ನೇ ನಾನು ಅಲಂಕಾರವೆಂದು ಹಣ ಕೊಟ್ಟು ಕೊಂಡಿದ್ದೆನು. ಮಾರಿದವರಿಗೂ ಅದು ತಿಳಿದಿತ್ತೋ ಇಲ್ಲವೋ ಹೇಳಲಾರೆ. ಬೆಂಡೆಯ ಗಿಡದಲ್ಲಿ ಇದೇ ಗುರುತನ್ನು ಹತ್ತು ಮಾರು ದೂರದಿಂದ ಹಿಡಿಯಬಲ್ಲ ಮನುಷ್ಯನು, ಹೂಗಿಡವೆಂದ ಮಾತ್ರಕ್ಕೆ ಕಣ್ಣು ಮುಚ್ಚಿಕೊಂಡದ್ದು ನನ್ನ ತಪ್ಪು.

ಇಂತಹ ತಪ್ಪು ಮಾಡಿದವರಲ್ಲಿ ನಾನು ಮೊದಲಿಗನಲ್ಲವೆಂಬುದೊಂದು ಸಮಾಧಾನ. ಹಾಲೆಂಡ್ ದೇಶದಲ್ಲಿ 1630ರ ದಶಕದಲ್ಲಿ ಟ್ಯೂಲಿಪ್ ಎಂಬ ಹೂವಿನ ಗೆಡ್ಡೆಗಳ ವ್ಯಾಪಾರವು ಜೂಜಿನಂತೆ ನಡೆದು, 1637ರಲ್ಲಿ ಬೆಲೆ ಒಮ್ಮೆಗೇ ಕುಸಿಯಿತು. ಅಂದು ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳಿದುವು, ಒಂದೇ ಬಣ್ಣದ ಹೂವುಗಳಲ್ಲ. ಬಿಳಿಯ ಮೇಲೆ ಕೆಂಪು ಜ್ವಾಲೆಗಳಂತೆ ಗೆರೆ ಎದ್ದ ಹೂವುಗಳು. ಆ ಗೆರೆಗಳು ಸಸ್ಯಹೇನುಗಳಿಂದ ಹರಡುವ ನಂಜಿನ ಫಲವೆಂಬುದು ಅವರಿಗೆ ತಿಳಿದಿರಲಿಲ್ಲ. ಇಂಗ್ಲೆಂಡಿನಲ್ಲಿ ಡೊರೊಥಿ ಕೇಲಿ ಎಂಬ ವಿದುಷಿಯು, ಗೆರೆ ಎದ್ದ ಗಿಡದ ಗೆಡ್ಡೆಯ ತುಂಡನ್ನು ಒಳ್ಳೆಯ ಗೆಡ್ಡೆಗೆ ಕಸಿ ಮಾಡಿದರೆ ಗೆರೆಯೂ ಅಂಟುತ್ತದೆಂಬುದನ್ನು 1928ರಲ್ಲಿ ಪ್ರಕಟಿಸಿದ ಮೇಲೆ ವಿಷಯವು ಸ್ಪಷ್ಟವಾಯಿತು. ಹಾಗೆಯೇ 1868ರಲ್ಲಿ ವೆಸ್ಟ್ ಇಂಡೀಸಿನಿಂದ ಇಂಗ್ಲೆಂಡಿಗೆ ಬಂದ ಅಬ್ಯುಟಿಲಾನ್ ಎಂಬ ಹಳದಿ ಮಚ್ಚೆಯ ಎಲೆಗಿಡವನ್ನು ಯೂರೋಪಿನವರು ಬಹಳ ಮೆಚ್ಚಿ ಹರಡಿದರು. ಆ ಮಚ್ಚೆಯೂ ನಂಜಿನದೇ. ಬುದ್ಧಿವಂತರ ಕಣ್ಣನ್ನೂ ಅಂದವು ಮರುಳುಗೊಳಿಸುತ್ತದೆ.

ಹಾಗಾದರೆ ಆರೋಗ್ಯದ ಪಟ್ಟೆಯನ್ನು ರೋಗದ ಪಟ್ಟೆಯಿಂದ ಹೇಗೆ ಬೇರ್ಪಡಿಸಬೇಕು? ಜಾತಿಗುಣದಿಂದ ಬಂದ ಪಟ್ಟೆಯು ಒಂದು ಗುಂಪಿನ ಎಲ್ಲ ದಂಟುಗಳಲ್ಲಿಯೂ, ಎಲ್ಲ ಎಲೆಗಳಲ್ಲಿಯೂ ಒಂದೇ ರೀತಿಯಾಗಿ, ನಡುನರದಿಂದ ಅಂಚಿನವರೆಗೆ ಕಡಿಯದೆ ಹರಿದಿರುತ್ತದೆ. ಎಲೆಯು ಅಗಲವಾಗಿ, ಸಪಾಟಾಗಿ, ನೇರವಾಗಿರುತ್ತದೆ; ಹಳೆಯ ಎಲೆಯಲ್ಲಿಯೂ ಗೆರೆ ಹಳದಿಯಾಗಿಯೇ ಇರುತ್ತದೆ; ಹೂವಿನ ಬಣ್ಣ ಶುದ್ಧವಾಗಿರುತ್ತದೆ. ನಂಜಿನ ಪಟ್ಟೆಯು ಕೆಲವು ದಂಟುಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ, ಗೆರೆಯು ಚುಕ್ಕೆ ಚುಕ್ಕೆಯಾಗಿ ಕಡಿದಿರುತ್ತದೆ, ಎಲೆ ಹಳೆಯದಾದಂತೆ ಗೆರೆಯು ಕಂದಾಗಿ ಸಾಯುತ್ತದೆ, ಎಲೆ ಮುದುಡುತ್ತದೆ, ಗಿಡ ಗಿಡ್ಡಾಗುತ್ತದೆ, ಹೂವಿನ ಬಣ್ಣ ಒಡೆದಿರುತ್ತದೆ. ಒಂದು ಎಲೆಯನ್ನು ನೋಡಿ ತೀರ್ಮಾನಿಸಬಾರದು. ಇಡೀ ಗುಂಪನ್ನು, ಅದೂ ಮಳೆಗಾಲದ ಕೊನೆಯಲ್ಲಿ, ನಿಂತು ನೋಡಬೇಕು. ನಿಜವಾದ ಪಟ್ಟೆಯ ಜಾತಿಗೂ ಈ ನಂಜು ತಗುಲಬಹುದಾದುದರಿಂದ, ಪಟ್ಟೆಯ ಮೇಲೆ ಪಟ್ಟೆ ಬಿದ್ದಾಗ ಗುರುತಿಸುವುದು ಇನ್ನೂ ಕಷ್ಟ. ಅಲ್ಲಿ ಎಲೆಯ ಮುದುಡುವಿಕೆಯೂ ಗಿಡದ ಗಿಡ್ಡತನವೂ ದಾರಿ ತೋರಿಸುತ್ತವೆ.

ಕಾಬಾಳೆಗೆ ತಗುಲುವ ನಂಜುಗಳು ಒಂದೆರಡಲ್ಲ. ಕೆಲವನ್ನು ಸಸ್ಯಹೇನುಗಳೂ, ಕೆಲವನ್ನು ಹಿಟ್ಟುತಿಗಣೆಗಳೂ ಹರಡುತ್ತವೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಹರಡತಕ್ಕವನು ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನಡೆಯುವ ಮನುಷ್ಯನೇ. ಒಮ್ಮೆ ಗೆಡ್ಡೆಗೆ ಸೇರಿದ ನಂಜು ಆ ಗೆಡ್ಡೆಯ ಪ್ರತಿಯೊಂದು ತುಂಡಿನಲ್ಲಿಯೂ ಉಳಿಯುತ್ತದೆ. ಯಾವ ಔಷಧಿಯನ್ನು ಸಿಂಪಡಿಸಿದರೂ ಹೋಗುವುದಿಲ್ಲ. ಹೋಗುತ್ತದೆಂದು ಸೀಸೆ ಮಾರುವವರನ್ನು ಅಂಗಳಕ್ಕೆ ಸೇರಿಸಬಾರದು. ಗಿಡವನ್ನು ಗೆಡ್ಡೆಯ ಚೂರೂ ಉಳಿಯದಂತೆ ಅಗೆದು, ಒಣಗಿಸಿ ಸುಡುವುದೊಂದೇ ಉಪಾಯ. ತಿಪ್ಪೆಗೆ ಹಾಕಬಾರದು. ಕತ್ತರಿಸಿದ ಕುಡುಗೋಲನ್ನು ಸಾಬೂನು ನೀರಿನಿಂದ ತೊಳೆದ ಮೇಲೆಯೇ ಮತ್ತೊಂದು ಗುಂಪಿಗೆ ಮುಟ್ಟಿಸಬೇಕು.

ಇದು ಹೂವಿನ ಪಾತಿಯೊಳಗೇ ಮುಗಿಯುವ ವಿಷಯವಾಗಿದ್ದರೆ ಇಷ್ಟು ವಿಸ್ತರಿಸುತ್ತಿರಲಿಲ್ಲ. ಕಾಬಾಳೆಗೆ ತಗುಲುವ ನಂಜುಗಳಲ್ಲಿ ಸೌತೆಯ ಮೊಸಾಯಿಕ್ ನಂಜು ಎಂಬುದೊಂದು. ಅದು ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ತಗುಲಬಲ್ಲದು. ಸೌತೆ, ಮೆಣಸಿನಕಾಯಿ, ಟೊಮೇಟೊ, ಬಾಳೆ ಇವೆಲ್ಲವೂ ಅದಕ್ಕೆ ಆಹಾರವೇ. ಅದನ್ನು ಹೊತ್ತು ತಿರುಗುವುದು ಸಸ್ಯಹೇನು. ಹಿತ್ತಲಿನಲ್ಲಿ ನಂಜು ಹಿಡಿದ ಕಾಬಾಳೆಯು ವರ್ಷವಿಡೀ ಹಸಿರಾಗಿ ನಿಂತಿದ್ದರೆ, ಬೇಸಿಗೆಯಲ್ಲಿ ಹೊಲದಲ್ಲಿ ಏನೂ ಇಲ್ಲದ ಕಾಲದಲ್ಲಿಯೂ ನಂಜಿಗೆ ಒಂದು ಮನೆ ಸಿಕ್ಕಂತಾಗುತ್ತದೆ. ನಾನು ಗೆಡ್ಡೆ ಕೊಟ್ಟಿದ್ದ ನಾಲ್ಕು ಮನೆಗಳಲ್ಲಿ ಒಂದರ ಹಿತ್ತಲಿಗೆ ಹೊಂದಿಕೊಂಡು ಮೂರು ಎಕರೆ ಬಾಳೆಯ ತೋಟವಿತ್ತು. ಆ ಬಾಳೆಗೆ ಏನೂ ಆಗಲಿಲ್ಲ. ಆದರೆ ಅದು ನನ್ನ ಜಾಣತನದ ಫಲವೆಂದು ಹೇಳಿಕೊಳ್ಳಲಾರೆ. ಆದುದರಿಂದ ಕಾಬಾಳೆಯನ್ನು ಎಷ್ಟೇ ಒಳ್ಳೆಯ ಗೆಡ್ಡೆಯಿಂದ ಬೆಳೆದರೂ, ಬಾಳೆಯ ಸಾಲುಗಳ ಮಧ್ಯದಲ್ಲಿಯೂ, ಸೌತೆ ಮೆಣಸಿನ ಮಡಿಗಳ ಬದುವಿನಲ್ಲಿಯೂ ನೆಡಬಾರದೆಂದು ನನ್ನ ಖಚಿತವಾದ ಅಭಿಪ್ರಾಯ. ಬಾಳೆ ತೋಟದ ಅಂಚಿಗೆ ಶೋಭೆಗಾಗಿ ಕಾಬಾಳೆಯ ಸಾಲು ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ.

ಈ ವಿಷಯವನ್ನು ಗ್ರಾಮಮುಖಂಡರಿಗೇ ಏಕೆ ಹೇಳಬೇಕೆಂದರೆ, ಊರಿನಲ್ಲಿ ಹೊಸ ಗಿಡವು ಹೋಗುವ ದಾರಿ ಅವರ ಅಂಗಳದ ಮೂಲಕವೇ. ಲಾಲ್‌ಬಾಗಿನಲ್ಲಿ ಜನವರಿ ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನವನ್ನು ನೋಡಿ ಬರುವವರು, ಮಗನ ಕಾರಿನಲ್ಲಿ ಕುಂಡಗಳನ್ನು ತುಂಬಿಕೊಂಡು ಬರುವವರು, ಶಾಲೆಗೂ ದೇವಸ್ಥಾನಕ್ಕೂ ಹೂಗಿಡ ದಾನ ಮಾಡುವವರು ಸಾಧಾರಣವಾಗಿ ಇವರೇ. ದೊಡ್ಡವರ ಮನೆಯಲ್ಲಿ ನೋಡಿದ ಗಿಡವನ್ನು ಉಳಿದವರು ಬಯಸುತ್ತಾರೆ, ಗೆಡ್ಡೆ ಕೇಳುತ್ತಾರೆ, ಎರಡು ವರ್ಷದಲ್ಲಿ ಊರಿಗೆ ಊರೇ ಅದನ್ನು ನೆಟ್ಟಿರುತ್ತದೆ. ಗಿಡ ಒಳ್ಳೆಯದಾದರೆ ಒಳ್ಳೆಯದು. ಅಂದದ ಗಿಡವೆಂದು ತಂದು ದೇಶಕ್ಕೇ ಕಂಟಕವಾದ ಉದಾಹರಣೆಗಳನ್ನು ನಾವು ದಿನವೂ ನೋಡುತ್ತಿದ್ದೇವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ಬಂದ ಲಂಟಾನವು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಅರಣ್ಯದಲ್ಲಿ ಹುಲ್ಲು ಬೆಳೆಯಗೊಡದಂತೆ ಹಬ್ಬಿದೆ. ನೀಲಿ ಹೂವಿನ ಮೋಹದಿಂದ ತಂದ ಅಂತರಗಂಗೆಯ ಜಾತಿಯೊಂದು ಕೆರೆಗಳನ್ನು ಮುಚ್ಚಿದೆ. ಕಾಬಾಳೆಯು ಆ ಮಟ್ಟದ ಗಿಡವಲ್ಲ. ಆದರೂ ಬೀಜ ಬಿಡುವ ಕಾಡು ಜಾತಿಯು ಕೆಲವು ದೇಶಗಳಲ್ಲಿ ತೊರೆಗಳ ದಂಡೆಯನ್ನು ಹಿಡಿದು ತೊಂದರೆ ಕೊಟ್ಟಿರುವುದರಿಂದ, ಹೆಚ್ಚಾದ ಗೆಡ್ಡೆಗಳನ್ನು ಹಳ್ಳಕ್ಕೆ ಎಸೆಯದಿರುವುದು ಮೇಲು. ಬೀಜ ಬಿಡದ ಪಟ್ಟೆಯ ಜಾತಿಯನ್ನು ನಾನು ಮೆಚ್ಚಲು ಇದೂ ಒಂದು ಕಾರಣ.

ದಾನವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಗೆಡ್ಡೆ ಕೊಡುವುದು ನಮ್ಮ ನೆರೆಹೊರೆಯ ಒಳ್ಳೆಯ ನಡತೆಗಳಲ್ಲಿ ಒಂದು. ಅದನ್ನು ಕಾನೂನಿನಿಂದ ಬಿಗಿಯುವುದು ಸಾಧ್ಯವೂ ಅಲ್ಲ, ಇಷ್ಟವೂ ಅಲ್ಲ. ಆದರೆ ಮೊದಲ ವರ್ಷ ಯಾರಿಗೂ ಕೊಡಬಾರದೆಂಬ ಒಂದು ನಿಯಮವನ್ನು ಮನೆಯ ಯಜಮಾನರು ತಮಗೆ ತಾವೇ ಹಾಕಿಕೊಳ್ಳಬಹುದು. ಹೊಸ ಗೆಡ್ಡೆಯನ್ನು ತಂದವರು ಅದನ್ನು ಉಳಿದ ಗಿಡಗಳಿಂದ ದೂರದಲ್ಲಿ ನೆಟ್ಟು, ಒಂದು ಪೂರಾ ಮಳೆಗಾಲ ಕಳೆದು ಹೂವು ಬರುವವರೆಗೆ ಕಾದು, ಮೇಲೆ ಹೇಳಿದ ಗುರುತುಗಳನ್ನು ನೋಡಿ ಅನಂತರ ಹಂಚಬೇಕು. ಕೊಳ್ಳುವಾಗಲೂ ಬರಿಯ ಗೆಡ್ಡೆಯನ್ನು ಕೊಳ್ಳದೆ, ಎಲೆ ಬಿಟ್ಟು ನಿಂತಿರುವ ತಾಯಿಗಿಡವನ್ನು ತೋರಿಸಿರೆಂದು ಕೇಳಬೇಕು. ತೋರಿಸಲೊಪ್ಪದವರಲ್ಲಿ ಕೊಳ್ಳಬಾರದು. ಜಮೀನುದಾರರೊಬ್ಬರು ಹೀಗೆ ಕೇಳಿದರೆ ಅಂಗಡಿಯವನು ಗೊಣಗಿಯಾನು. ಹತ್ತು ಜನ ಕೇಳಿದರೆ ತಾನಾಗಿ ತಾಯಿಗಿಡವನ್ನು ಮುಂದೆ ತಂದಿಡುತ್ತಾನೆ.

ನನ್ನ ವಿಷಯದಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಹನ್ನೆರಡು ಬುಡಗಳನ್ನೂ ಅಗೆದು ಸುಟ್ಟೆನು. ನಾಲ್ಕು ಮನೆಗಳಿಗೂ ನಾನೇ ಹೋಗಿ, ಕೊಟ್ಟದ್ದು ರೋಗದ ಗೆಡ್ಡೆಯೆಂದು ಹೇಳಿ, ಗುದ್ದಲಿ ತರಿಸಿ, ಎದುರಿಗೇ ಕೀಳಿಸಿದೆನು. ಕೊಟ್ಟ ವಸ್ತುವನ್ನು ಹಿಂದಕ್ಕೆ ಕೇಳುವುದರಲ್ಲಿರುವ ಸಂಕೋಚವು ಇಷ್ಟೆಂದು ಬರೆದು ತಿಳಿಸುವಂತಿಲ್ಲ. ಒಂದು ಮನೆಯಲ್ಲಿ ಹೂವು ಬಿಟ್ಟಿರುವ ಗಿಡವನ್ನು ಕೀಳಬಾರದೆಂದು ತಡೆದರು. ಅಲ್ಲಿಗೆ ಮೂರು ಸಲ ಹೋಗಬೇಕಾಯಿತು. ಪಾತಿಯಲ್ಲಿ ಒಂದು ವರ್ಷ ಬರಿಯ ರಾಗಿಯ ಪೈರು ಹಾಕಿ, ಉಳಿದ ಗೆಡ್ಡೆಯ ಚೂರುಗಳಿಂದ ಎದ್ದ ಮೊಳಕೆಗಳನ್ನೆಲ್ಲ ಕೀಳಿಸಿ, ಅನಂತರ ನಿಂತ ತಾಯಿಗಿಡವನ್ನು ಕಣ್ಣಾರೆ ನೋಡಿ ಹಳದಿ ಪಟ್ಟೆಯ ಜಾತಿಯ ಐದು ಗೆಡ್ಡೆಗಳನ್ನು ತಂದು ನೆಟ್ಟೆನು. ಈಗ ಅದು ನಮ್ಮ ಬಚ್ಚಲ ನೀರಿನ ಪಾತಿಯುದ್ದಕ್ಕೂ ಐದು ಅಡಿ ಎತ್ತರ ನಿಂತಿದೆ. ಮೊದಲು ಸದಾ ಕೆಸರಾಗಿದ್ದ ಆ ಜಾಗದಲ್ಲಿ ಬೇಸಿಗೆಯಲ್ಲಿ ಮಕ್ಕಳು ಆಡುತ್ತಾರೆ. ಹೋದ ಸಲ ಗುಂಪನ್ನು ಭಾಗ ಮಾಡಿದಾಗ ಆ ನಾಲ್ಕು ಮನೆಗಳಿಗೂ ಪುನಃ ಗೆಡ್ಡೆಗಳನ್ನು ಕಳುಹಿಸಿದೆನು. ಮೂರು ಮನೆಯವರು ತೆಗೆದುಕೊಂಡರು. ನನ್ನ ಅಕ್ಕನವರು ಮಾತ್ರ, ‘ನಿನ್ನ ಹಿತ್ತಲಿನಲ್ಲಿಯೇ ಇನ್ನೊಂದು ಮಳೆಗಾಲ ಇರಲಿ, ನಾನೇ ಬಂದು ನೋಡಿ ಒಯ್ಯುತ್ತೇನೆ’ ಎಂದು ಹೇಳಿ ಕಳುಹಿಸಿದ್ದಾರೆ.